ಅನುಸೂಯಮ್ಮ ಉಳಿಸಿಕೊಂಡ ಸದ್ದು

ಬೊಮ್ಮಸಂದ್ರದಲ್ಲಿ ಗಿಟಾರಿನ ಪೆಡಲ್ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಾಳೆ ಎಂದರೆ ಮೊದಲು ಯಾರೂ ನಂಬುವುದಿಲ್ಲ. ಆಕೆಗೆ ಐವತ್ತಾರು ವರ್ಷ, ಗಿಟಾರಿನ ಒಂದು ತಂತಿಯನ್ನೂ ಮೀಟಲು ಬಾರದು ಎಂದರೆ ನಗುತ್ತಾರೆ. ನಗಲಿ. ಅನುಸೂಯಮ್ಮನಿಗೆ ಹಾಡು ಬೇಕಾಗಿಲ್ಲ, ಹಾಡಿನ ಹಿಂದೆ ಅವಿತು ಕೂತ ಸದ್ದು ಸಿಕ್ಕಿದರೆ ಸಾಕು.

ಆಕೆ ಇದೇ ಊರಿನವಳು. ಅಪ್ಪನ ರಾಗಿ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ಅಲ್ಲೇ ಎದ್ದ ಅಡಾಪ್ಟರ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಇಪ್ಪತ್ತಾರು ವರ್ಷ ಟೆಸ್ಟಿಂಗ್ ಮೇಜಿನ ಮುಂದೆ ಕೂತು, ಕರೆಂಟು ಶುದ್ಧವಾಗಿ ಬರುತ್ತಿದೆಯೋ ಕೊಳೆ ಹೊತ್ತು ಬರುತ್ತಿದೆಯೋ ನೋಡಿದಳು. ತಂಗಿಯರಿಬ್ಬರ ಮದುವೆ ಮುಗಿಸುವಷ್ಟರಲ್ಲಿ ತನ್ನ ಮದುವೆಯ ಮಾತು ಹಳಸಿಹೋಗಿತ್ತು. ಅದರ ಕೊರಗೂ ಅಷ್ಟಾಗಿ ಇರಲಿಲ್ಲ. ಮಧ್ಯಾಹ್ನವಾದರೆ ಹನ್ನೊಂದು ಹೆಂಗಸರು ಒಂದೇ ಮೇಜಿನ ಮೇಲೆ ಡಬ್ಬಿ ಬಿಚ್ಚುತ್ತಿದ್ದರು. ಯಾರ ಸಾರು ಯಾರ ಅನ್ನಕ್ಕೆ ಬಿತ್ತೆಂದು ಕೇಳುವವರಿರಲಿಲ್ಲ. ಆಮೇಲೆ ಕಾರ್ಖಾನೆ ತಮಿಳುನಾಡಿನ ಕಡೆ ಹೋಯಿತು. ಮುಚ್ಚಿತು ಅನ್ನಬಾರದಂತೆ, ಸ್ಥಳಾಂತರವಂತೆ. ಅಳಿಯ ಅಲ್ಲ, ಮಗಳ ಗಂಡ! ಹನ್ನೊಂದು ಜನ ಹನ್ನೊಂದು ದಿಕ್ಕಾದರು. ಅವರ ಫೋನಿನ ಗುಂಪಿನಲ್ಲಿ ಈಗ ಶುಭೋದಯದ ಹೂವಿನ ಚಿತ್ರ ಬಿಟ್ಟರೆ ಬೇರೇನೂ ಬರುವುದಿಲ್ಲ.

ಪೆಡಲ್ ಎಂದರೆ ಗಿಟಾರಿಗೂ ಸ್ಪೀಕರಿಗೂ ನಡುವೆ ಇಡುವ, ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ. ಒಂದು ಡಬ್ಬಿ ಸ್ವರವನ್ನು ಒರಟು ಮಾಡುತ್ತದೆ, ಇನ್ನೊಂದು ಮಾರುಲಿಯುತ್ತದೆ, ಅಂದರೆ ನುಡಿಸಿದ್ದನ್ನೇ ಮತ್ತೆ ಮತ್ತೆ ಕೇಳಿಸುತ್ತದೆ. ಅವಕ್ಕೆ ಹೋಗುವ ಕರೆಂಟು ಕೊಳೆಯಾದರೆ ಗುಂಯ್ ಎಂದೋ ಕೀಂ ಎಂದೋ ಬೇಡದ ಸದ್ದು ಹುಟ್ಟುತ್ತದೆ. ಅದನ್ನು ಹುಡುಕಿ ತೆಗೆಯುವುದೇ ಅನುಸೂಯಮ್ಮನ ಈಗಿನ ಕಸುಬು. ಡಬ್ಬಿಗಳು ಪಾರ್ಸೆಲ್‌ನವರ ಕೈಯಲ್ಲಿ ಬರುತ್ತವೆ, ಅವರ ಕೈಯಲ್ಲೇ ಹೋಗುತ್ತವೆ. ಏನೂ ಕೇಳಿಸದಿದ್ದರೆ ಕೆಲಸ ಸರಿಯಾಯಿತೆಂದು ಅರ್ಥ. ದಿನವಿಡೀ ದುಡಿದು ಸಂಪಾದಿಸುವುದು ಬರೀ ನಿಶ್ಶಬ್ದ. ಅದು ಆಕೆ ಒಬ್ಬಳೇ ಇರುವ ಆ ಮನೆಯಲ್ಲಿ ಮೊದಲೇ ಬೇಕಾದಷ್ಟಿತ್ತು.

ಹೀಗಿರುವಾಗ ಒಂದು ಶನಿವಾರ ಬಿಂದುಶ್ರೀ ಎಂಬ ಹುಡುಗಿ ಸ್ಕೂಟರಿನಲ್ಲಿ ತಾನೇ ಬಂದಳು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಕೆಲಸ, ಪೀಜಿಯಲ್ಲಿ ವಾಸ. ಬೆನ್ನಿಗೆ ಗಿಟಾರು, ಕೈಯಲ್ಲಿ ಐದು ಪೆಡಲ್ ಜೋಡಿಸಿದ ಹಲಗೆ.

"ಆಂಟಿ, ಒಂದೇ ಸಮ ಕೀಂ ಅಂತಿರುತ್ತೆ. ನಂಗಂತೂ ತಲೆ ಕೆಟ್ಟೋಗಿದೆ."

ಅನುಸೂಯಮ್ಮ ಸ್ವರ ಒರಟು ಮಾಡುವ ಪೆಡಲಿನಿಂದ ಅಡಾಪ್ಟರಿನ ತಂತಿ ಕಿತ್ತು ಒಂಬತ್ತು ವೋಲ್ಟಿನ ಬ್ಯಾಟರಿ ಸಿಕ್ಕಿಸಿದಳು. ಸದ್ದು ಮಂಗಮಾಯ. ಅಂದರೆ ಪೆಡಲ್ ಚೆನ್ನಾಗಿದೆ, ಕಾಯಿಲೆ ಕರೆಂಟಿನದು. ಐದನ್ನೂ ಒಂದೇ ಅಡಾಪ್ಟರಿಗೆ ನೇತುಹಾಕಿದ್ದರಿಂದ, ಮಾರುಲಿಯುವ ಪೆಡಲಿನ ಕೊಳೆ ಅದೇ ತಂತಿ ಹಿಡಿದು ಪಕ್ಕದ್ದಕ್ಕೆ ನುಗ್ಗುತ್ತಿತ್ತು. ಮಾರುಲಿಯುವುದಕ್ಕೆ ಬೇರೆ ಅಡಾಪ್ಟರ್ ಕೊಟ್ಟರೆ ಮುಗಿಯಿತು, ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ಹುಡುಗಿ ಒಳಗಿನ ವಾಸನೆ ಹಿಡಿದು, "ಹಿತಕಿದ ಅವರೆಕಾಳು ಸಾರಾ ಆಂಟಿ?" ಎಂದು ಕೇಳಿಬಿಟ್ಟಳು. ಕೇಳಿದವಳೇ ತಟ್ಟೆ ಹುಡುಕಿಕೊಂಡು ನೆಲದ ಮೇಲೆ ಕೂತಳು. "ಪೀಜಿ ಊಟ ತಿಂದು ತಿಂದು ನಾಲಿಗೆ ಕೆಟ್ಟೋಗಿದೆ," ಎನ್ನುತ್ತ ಎರಡು ಸಲ ಹಾಕಿಸಿಕೊಂಡಳು. ಆಮೇಲೆ ಗಿಟಾರು ತೊಡೆಯ ಮೇಲಿಟ್ಟು ಏನೋ ನುಡಿಸಿದಳು. ಅನುಸೂಯಮ್ಮನಿಗೆ ರಾಗ ತಿಳಿಯಲಿಲ್ಲ, ಆದರೆ ಕಣ್ಣು ತುಂಬಿ ಬಂತು.

ಇಪ್ಪತ್ತಾರು ವರ್ಷ ಒಂದು ಕೆಟ್ಟ ಪೀಸನ್ನೂ ಪಾಸು ಮಾಡದ ಆ ಕೈ ಅವತ್ತು ಮಾಡಿದ ಕೆಲಸ ನೋಡಿ. ಅಡಾಪ್ಟರಿನ ತುದಿಗೆ ಕೊಳೆ ಸೋಸುವ ಒಂದು ಕೆಪಾಸಿಟರ್ ಬೆಸೆದು ಸದ್ದನ್ನು ಅರ್ಧಕ್ಕಿಳಿಸಿ ಬಿಟ್ಟಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಪೂರ್ತಿ ಓಗಿಲ್ಲ ಕಣಮ್ಮ. ಬರೋ ಶನಿವಾರ ತಗಂಬಾ, ನೋಡಾನ."

ಮುಂದಿನ ಶನಿವಾರ ಒಂದು ತಂತಿ ಬದಲಾಯಿತು, ಅದರ ಮುಂದಿನ ಶನಿವಾರ ಇನ್ನೊಂದು. ಶುಕ್ರವಾರ ಸಂಜೆಯೇ ಅನುಸೂಯಮ್ಮ ಸಂತೆಗೆ ಹೋಗಿ ಸೊಪ್ಪು ಆರಿಸತೊಡಗಿದಳು. ಬಿಂದುಶ್ರೀ ತನ್ನ ಮ್ಯಾನೇಜರನ್ನು ಅಣಕಿಸಿ ನಗಿಸುತ್ತಿದ್ದಳು. ಸದ್ದು ಮಾತ್ರ ಇದ್ದಷ್ಟೇ ಉಳಿಯಿತು.

ನಾಲ್ಕನೇ ಶನಿವಾರ ಬಂದ ಹುಡುಗಿಯ ಕಣ್ಣುಗಳು ಊದಿಕೊಂಡಿದ್ದವು. ಹಿಂದಿನ ದಿನ ಕಂಪನಿಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಮೆಲ್ಲಗೆ ನುಡಿಸುವ ಜಾಗ ಬಂದಾಗ ಆ ಕೀಂ ಮೇಲೆದ್ದಿತ್ತು. ಮುಂದಿನ ಸಾಲಿನವನೊಬ್ಬ ಕಿವಿ ಮುಚ್ಚಿಕೊಂಡ, ಮಿಕ್ಕವರು ನಕ್ಕರು.

"ನಾಲ್ಕು ತಿಂಗ್ಳು ಪ್ರಾಕ್ಟೀಸ್ ಮಾಡಿದ್ದೆ ಆಂಟಿ. ನಂಗೆ ಇದೆಲ್ಲ ಆಗಿಬರಲ್ಲ. ಗಿಟಾರು, ಪೆಡಲು, ಎಲ್ಲಾ ಮಾರ್ಬಿಡ್ತೀನಿ. ಪಾಪ, ನೀವೂ ಎಷ್ಟು ಒದ್ದಾಡಿದ್ರಿ!" ಎಂದು ಮೂಗು ಒರೆಸಿಕೊಂಡಳು. "ಶನಿವಾರ ಮಾತ್ರ ಊಟಕ್ಕೆ ಬಂದೇ ಬರ್ತೀನಿ. ಬೇಡ ಅನ್ಬೇಡಿ."

ಅನುಸೂಯಮ್ಮನಿಗೆ ಬೇಕಾಗಿದ್ದುದು ಅಷ್ಟೇ ತಾನೇ? ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಹುಡುಗಿ ವಾರ ವಾರವೂ ಬರುತ್ತಿದ್ದಳು. ಆದರೆ ಆ 'ಪಾಪ' ಎಂಬ ಮಾತು ಆಕೆಯ ಎದೆಗೆ ನಾಟಿತು. ಎದ್ದು ಕಪಾಟಿನಿಂದ ಇನ್ನೊಂದು ಅಡಾಪ್ಟರ್ ತಂದು ಮಾರುಲಿಯುವ ಪೆಡಲಿಗೆ ಸಿಕ್ಕಿಸಿದಳು. "ನುಡ್ಸು," ಎಂದಳು.

ಬಿಂದುಶ್ರೀ ಒಂದು ತಂತಿ ಮೀಟಿದಳು. ಆ ಸ್ವರ ಆರಿಹೋದ ಮೇಲೆ ಹಿಂದೆ ಏನೂ ಉಳಿಯಲಿಲ್ಲ. "ಅಯ್ಯೋ ಆಂಟಿ, ಹೋಯ್ತು! ಹೇಗೆ ಕಂಡುಹಿಡಿದ್ರಿ?"

"ಮೊದಲ್ನೇ ದಿನವೇ ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಸರಿ ಮಾಡ್ಕೊಟ್ರೆ ನೀನು ಬರಾಕಿಲ್ವಲ್ಲ ಕಣವ್ವ."

ಹುಡುಗಿ ಗಿಟಾರನ್ನು ತೊಡೆಯಿಂದ ಇಳಿಸಿದಳು. ತಂತಿಗಳನ್ನು ಒಂದೊಂದಾಗಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ತಲೆಯೆತ್ತದೆ, "ಸುಮ್ನೆ ಬಾ ಅಂದಿದ್ರೂ ಬರ್ತಿದ್ದೆ ಆಂಟಿ," ಎಂದು ಹೊರಟುಹೋದಳು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಅನುಸೂಯಮ್ಮ ಅವತ್ತು ಏನೂ ಉಣ್ಣಲಿಲ್ಲ.

ಐದಾರು ವಾರದ ನಂತರ ಲಿಖಿತ್ ಎಂಬವನು ಪೆಡಲೊಂದನ್ನು ಹಿಡಿದು ಬಂದ. "ಬಿಂದುಶ್ರೀ ಕಳ್ಸಿದ್ರು. ಎಂಥ ನಾಯ್ಸ್ ಇದ್ರೂ ನಿಮಗೆ ಮೊದಲ್ನೇ ದಿನಾನೇ ಗೊತ್ತಾಗುತ್ತೆ ಅಂದ್ರು."

ಅನುಸೂಯಮ್ಮ ತಲೆ ತಗ್ಗಿಸಿ ಹತ್ತೇ ನಿಮಿಷದಲ್ಲಿ ಸರಿ ಮಾಡಿದಳು. ಒಂದಿಷ್ಟೂ ಉಳಿಸಲಿಲ್ಲ. ಡಬ್ಬಿ ಕೈಗಿಡುವಾಗ, "ಅವಳು ಇನ್ನೂ ನುಡುಸ್ತಾಳಾ?" ಎಂದಳು.

"ಓ, ಸಕ್ಕತ್ತಾಗಿ."

"ಸುಮ್ಕೆ ಬಾ ಅಂದೆ ಅಂತ ಏಳಪ್ಪ. ಕೆಲ್ಸ ಇಲ್ದಿದ್ರೂವೆ."

"ಹೇಳ್ತೀನಿ ಆಂಟಿ," ಎಂದು ಅವನು ಫೋನು ನೋಡುತ್ತಲೇ ಆಟೋ ಹತ್ತಿದ. ಹೇಳಿದನೋ ಮರೆತನೋ ಗೊತ್ತಿಲ್ಲ. ಬಿಂದುಶ್ರೀ ಇನ್ನೂ ಬಂದಿಲ್ಲ.