ಝಡ್ ಅಕ್ಷರದ ಸಿಂಹ

ಶುಕ್ರವಾರ ಬೆಳಿಗ್ಗೆ ಡ್ಯಾಡಿ ಅಕ್ಕನ ಮದುವೆ ಕಾಗದದ ಮಾದರಿಯನ್ನು ಮೇಜಿನ ಮೇಲಿಟ್ಟರು. ಮರುದಿನ ಅದು ಅಚ್ಚಿಗೆ ಹೋಗಬೇಕಿತ್ತು. ಝಡ್‌ನಿಂದ ಮುಗಿಯುವ ನಮ್ಮ ಅಡ್ಡಹೆಸರಿನ ಮೇಲೆ ಸಿಂಹದ ಚಿತ್ರವಿರುವ ಗುರಾಣಿಯಿತ್ತು. ಹೆಸರು ಕೊಟ್ಟರೆ ವಂಶ ಹುಡುಕಿಕೊಡುವ, ಕುವೈತಿನ ಸಾಲ್ಮಿಯಾದ ಅಂಗಡಿಯೊಂದರ ಪ್ರಕಾರ ನಾವು ಸ್ಪೇನಿನ ಕುಲೀನರು.

"ಎಂತ ಹಾಗೆ ನೋಡ್ತೀ? ಸಂಶಯವಾ?" ಎಂದರು ಡ್ಯಾಡಿ.

ಸಂಶಯವೇ. ಈ ಹೆಸರು ಸ್ಪೇನಿನಲ್ಲಿ ಝಡ್‌ನಿಂದ ಮುಗಿಯುತ್ತದೆ, ಪೋರ್ಚುಗಲ್ಲಿನಲ್ಲಿ ಎಸ್‌ನಿಂದ. ನಮ್ಮ ಹಿರಿಯರಿಗೆ ಹೆಸರಿಟ್ಟವರು ಪೋರ್ಚುಗೀಸ್ ಪಾದ್ರಿಗಳೆಂದು ಅಜ್ಜಿ ಹೇಳುತ್ತಿದ್ದರು. ಮನೆಯ ಕಾಗದಗಳನ್ನೆಲ್ಲ ತೆಗೆದು ಡೈರಿಯಲ್ಲಿ ಗೆರೆ ಎಳೆದು ಎಣಿಸಿದೆ. ಎಸ್ ಹನ್ನೊಂದು, ಝಡ್ ನಾಲ್ಕು. ಅಜ್ಜನ ಜ್ಞಾನಸ್ನಾನದ ಪತ್ರವೂ ಸೇರಿ ಹನ್ನೊಂದೂ ಮಂಗಳೂರಿನವು. ನಾಲ್ಕೂ ಕುವೈತಿನವು, ಅವುಗಳಲ್ಲಿ ಹಳೆಯದು ಡ್ಯಾಡಿ ಮೊದಲ ಇಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಟೈಪಿಂಗ್ ಅಂಗಡಿಯಲ್ಲಿ ಮಾಡಿಸಿದ ಅರ್ಜಿ.

"ಡ್ಯಾಡಿ, ನಮ್ಮನ್ನು ಕುಲೀನರನ್ನಾಗಿ ಮಾಡಿದ್ದು ಟೈಪಿಂಗ್ ಅಂಗಡಿಯ ಭಾಯಿ," ಎಂದು ಪುಟ ತೋರಿಸಿದೆ.

"ಇಗರ್ಜಿಯಲ್ಲಿ ಫಾದರ್ ಎಸ್ ಬರೀತಾರೆ, ಮದುವೆ ಕಾಗದದಲ್ಲಿ ಝಡ್," ಎಂದಳು ಅಕ್ಕ. "ಗಂಡಿನ ಕಡೆಯವರು, ಮದುಮಗಳು ಇವಳೇ ಹೌದಾ ಅಂತ ಕೇಳಿದ್ರೆ?"

ಡ್ಯಾಡಿ ಹಳೆಯ ಅರ್ಜಿಯನ್ನು ಕೈಗೆತ್ತಿಕೊಂಡರು. "ತಪ್ಪು ಆಗಲೇ ಕಂಡಿತ್ತು. ತಿದ್ದಿಸ್ಲಿಕ್ಕೆ ಇನ್ನೊಂದು ದಿನ ರಜೆ ಕೇಳ್ಬೇಕಿತ್ತು. ಖಲಾಸ್, ಇರ್ಲಿ ಅಂದೆ."

ಪೆನ್ನು ತೆಗೆದು ಮದುವೆ ಕಾಗದದ ಮಾದರಿಯಲ್ಲಿ ಝಡ್ ಹೊಡೆದುಹಾಕಿ ಎಸ್ ಬರೆದರು. ಸಿಂಹವನ್ನು ಮಾತ್ರ ಮುಟ್ಟಲಿಲ್ಲ. ನಾನು ಅದನ್ನೇ ನೋಡುತ್ತಿದ್ದೆ.

"ಸಿಂಹಕ್ಕೆ ಸ್ಪೆಲ್ಲಿಂಗ್ ಇಲ್ಲ ಮಾರಾಯ್ತಿ," ಎಂದರು.