ಡ್ರಮ್ಮಿಗೆ ತೂತು ಹಾಕುತ್ತಿದ್ದ ಕಾಕಾ

ಮೊನ್ನೆ ಕಟಪಾಡಿ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೊಂದು ಲಾರಿ ನಿಂತಿತ್ತು, ಮೈತುಂಬ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಒಂದೊಂದರ ಹೊಟ್ಟೆಯಲ್ಲೂ ಅಂಗೈಯಷ್ಟು ತೂತು. ಪಕ್ಕದಲ್ಲಿದ್ದವರೊಬ್ಬರು ಹೊಟ್ಟೆ ಉರಿಸಿಕೊಂಡು ಹೇಳಿದರು: "ಎಂಥ ಒಳ್ಳೆ ಡ್ರಮ್ಮು! ಯಾವ ಮಂಡೆ ಸಮ ಇಲ್ಲದವ ತೂತು ಮಾಡಿದ್ದೋ ಏನೋ."

"ಮಂಡೆ ಸಮ ಇದ್ದವರೇ ಮಾಡಿದ್ದು," ಎಂದು ನಾನು ಸಿಡುಕಿದೆ. ಪಾಪ, ಅವರು ಹೆದರಿ ದೂರ ಹೋಗಿ ನಿಂತರು. ನನಗೆ ಮೂಗಿನ ತುದಿಯಲ್ಲೇ ಕೋಪ, ಏನು ಮಾಡುವುದು! ಆದರೆ ಆ ಮಾತು ಹೋಗಿ ತಾಗಿದ್ದು ನಮ್ಮ ಕಾಕಾನಿಗೆ...

ನಮ್ಮ ಕಡೆಯ ಒಂದು ದೊಡ್ಡ ವಿದ್ಯುತ್ ಕಂಪೆನಿಯಲ್ಲಿ ನಾನು ಸ್ಟೋರಿನ ಕ್ಲಾರ್ಕ್ ಆಗಿದ್ದೆ. ಅಲ್ಲಿಯ ಕಸದ ಯಾರ್ಡು ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಸುಪರ್ದಿಯಲ್ಲಿತ್ತು. ಬಾಗಲಕೋಟೆ ಕಡೆಯವರು, ಚಿಮಣಿ ಕಟ್ಟುವಾಗ ಸಿಮೆಂಟು ಹೊರಲಿಕ್ಕೆಂದು ಬಂದವರು, ಆಮೇಲೆ ಕಂಟ್ರಾಕ್ಟರನ ಕೈಕೆಳಗೆ ಅಲ್ಲೇ ಉಳಿದರು. ಕಲ್ಲಿದ್ದಲು ಸುಟ್ಟ ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಹೋಗಬೇಕು, ಯಂತ್ರದಿಂದ ಇಳಿಸಿದ ಕರಿ ಎಣ್ಣೆ ಶುದ್ಧ ಮಾಡುವವರಿಗೆ, ಸತ್ತ ಬ್ಯಾಟರಿ ಸೀಸ ತೆಗೆಯುವವರಿಗೆ. ಇದೆಲ್ಲ ಕಂಪೆನಿಯ ನಿಯಮ, ಗೋಡೆಯ ಮೇಲೆ ಬೋರ್ಡು ಬರೆದು ಹಾಕಿತ್ತು. ಬೋರ್ಡು ಓದಲು ಬಾರದ ಕಾಕಾ ಅದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಎಣ್ಣೆ ಒರೆಸಿದ ಬಟ್ಟೆಯನ್ನು ಯಾವನಾದರೂ ಇಂಜಿನಿಯರು ಕಾಗದದ ಡಬ್ಬಿಗೆ ಎಸೆದರೆ, ಅದನ್ನು ಎತ್ತಿಕೊಂಡು ಅವನ ಟೇಬಲ್ಲಿನವರೆಗೂ ಹೋಗುತ್ತಿದ್ದರು. "ಸಾಹೇಬ್ರ, ನಿಮ್ಮ ಸಾಮಾನು ಮರತು ಬಂದೀರಿ." ಅಷ್ಟೇ. ಮರುದಿನದಿಂದ ಆ ಇಂಜಿನಿಯರು ಎಸೆಯುವ ಮೊದಲು ಸುತ್ತಮುತ್ತ ನೋಡುತ್ತಿದ್ದ.

ಒಂದು ಭಾನುವಾರ ಕಾರ್ಕಳ ರಸ್ತೆಯ ಇಟ್ಟಿಗೆ ಘಟಕಕ್ಕೆ ಹೋಗಿ ಬಂದಿದ್ದರಂತೆ, ನಮ್ಮ ಬೂದಿ ಏನಾಯಿತೆಂದು ನೋಡಲಿಕ್ಕೆ. ಬಸ್ಸಿನ ಖರ್ಚೂ ಕೈಯಿಂದಲೇ! "ಗಟ್ಟಿ ಐತಿ ಯವ್ವಾ, ಬಡದು ನೋಡೇನಿ," ಎಂದು ಮಗಳನ್ನು ಒಳ್ಳೆ ಮನೆಗೆ ಕೊಟ್ಟವರ ಹಾಗೆ ಹೇಳಿದ್ದರು.

ಆದರೆ ಊರಿನವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಕಾರಣ ಈ ನೀಲಿ ಡ್ರಮ್ಮು. ಬಾಯ್ಲರಿನ ನೀರಿಗೆ ಹಾಕುವ ಕೆಮಿಕಲ್ಲು ಬರುತ್ತಿದ್ದದ್ದು ಅದರಲ್ಲಿ. ಖಾಲಿಯಾದದ್ದನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಸಂಸ್ಕರಣೆಯ ಟ್ಯಾಂಕಿಗೆ ಬಿಟ್ಟು, ಆಮೇಲೆ ಕಾಕಾ ಪಿಕಾಸಿ ಎತ್ತಿ ಒಂದೇ ಏಟು ಹಾಕುತ್ತಿದ್ದರು. ಯಾರೂ ಕೊಂಡುಹೋಗಿ ಕುಡಿಯುವ ನೀರು ತುಂಬಿಸಬಾರದೆಂದು. ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ನಮ್ಮ ಕಡೆ ಡ್ರಮ್ಮೆಂದರೆ ಬಂಗಾರ. ಗೇಟಿಗೆ ಬಂದು ಅಂಗಲಾಚಿದವರುಂಟು, ಬೈದವರುಂಟು. ಕಾಕಾ ಜಪ್ಪಯ್ಯ ಎನ್ನಲಿಲ್ಲ.

ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ಅತ್ತಿಗೆಯ ಸೀಮಂತ. ಟ್ಯಾಂಕರಿನ ನೀರು ತುಂಬಿಸಿಡಲು ಪಾತ್ರೆ ಸಾಲದು. ಅಣ್ಣ ನನ್ನ ಬೆನ್ನು ಬಿದ್ದ: "ನಿಮ್ಮಲ್ಲಿ ರಾಶಿ ಬಿದ್ದುಂಟಲ್ಲ ಮಾರಾಯ್ತಿ, ಒಂದು ತರಲಿಕ್ಕೆ ಎಂತ ದಾಡಿ ನಿಂಗೆ?"

ಕಾಕಾನನ್ನು ಕೇಳಿದೆ. "ವಾಸನಿ ಹೋತಂದ್ರ ವಿಷ ಹೋತು ಅಂತಲ್ಲ ಯವ್ವಾ," ಎಂದರು. ನನಗೆ ಸಿಟ್ಟು ಬಂತು. ಇವರೇನು ಕಂಪೆನಿಯ ಯಜಮಾನರೋ? ಮಾರನೆಯ ದಿನ ಶನಿವಾರ. ಅವರು ಊಟಕ್ಕೆ ಹೋದ ಹೊತ್ತಿನಲ್ಲಿ, ತೊಳೆದಿಟ್ಟ, ಇನ್ನೂ ತೂತು ಬೀಳದ ಒಂದನ್ನು ರಟ್ಟಿನ ಪೆಟ್ಟಿಗೆಗಳ ನಡುವೆ ಪಿಕಪ್ಪಿಗೆ ಹಾಕಿಸಿದೆ. ಗೇಟ್ ಪಾಸು ಬರೆಯುವವಳೂ ನಾನೇ ಅಲ್ವಾ! ಮನೆಯಲ್ಲಿ ಕಾಕಾನೇ ಕೊಟ್ಟರೆಂದು ಹೇಳಿ, ಸೋಪು ಹಾಕಿ ತಿಕ್ಕಿ ತಿಕ್ಕಿ ತೊಳೆದೆ. ಪಳಪಳ ಹೊಳೆಯಿತು.

ಭಾನುವಾರ ಬೆಳಿಗ್ಗೆ ಚಪ್ಪರದಡಿ ನೆಂಟರು ಕೂತಿದ್ದರು. ಡ್ರಮ್ಮಿನ ನೀರಿನಲ್ಲಿ ಬೆಲ್ಲದ ಪಾನಕ ಕದಡಿ ಆಗಿತ್ತು. ಮೊದಲ ಲೋಟ ಅತ್ತಿಗೆಗೆಂದು ನಾನೇ ತುಂಬಿಸುತ್ತಿದ್ದೆ. ಆಗ ಅಂಗಳಕ್ಕೆ ಕಾಕಾ ಬಂದರು. ಬೆವರಿನಲ್ಲಿ ಮಿಂದುಹೋಗಿದ್ದರು, ಬಗಲಲ್ಲಿ ಗೋಣಿಯಲ್ಲಿ ಸುತ್ತಿದ ಪಿಕಾಸಿ. ಡ್ರಮ್ಮು ಕಾಣೆಯಾದದ್ದು ಗೊತ್ತಾಗಿ, ಪಿಕಪ್ಪಿನವನ ಬಾಯಿ ಬಿಡಿಸಿ, ಬಸ್ಸು ಹಿಡಿದು ಬಂದಿದ್ದರು. ನನ್ನ ಕೈಯ ಲೋಟ ಕಸಿದು ಮಣ್ಣಿಗೆ ಚೆಲ್ಲಿದರು. ನೇರ ಡ್ರಮ್ಮಿನ ಹತ್ತಿರ ಹೋಗಿ ಎರಡು ಏಟು. ನೀರೆಲ್ಲ ಭುಸ್ಸೆಂದು ಚಪ್ಪರದ ತುಂಬ ಹರಿಯಿತು, ಹೆಂಗಸರು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದರು.

ಅಣ್ಣ ಓಡಿಬಂದು ಅವರ ಕಾಲರು ಹಿಡಿದ. "ಯಾರು ನೀನು? ಶುಭಕಾರ್ಯದ ಮನೆಯಲ್ಲಿ ಎಂತ ಇದು?"

ಈಗ ಹೇಳುತ್ತಾರೆ, ನಿಮ್ಮ ತಂಗಿ ಕದ್ದದ್ದು ಎಂದು... ಕಾಕಾ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

"ತಪ್ಪು ನಂದೈತ್ರಿ. ಈಕಿ ಕೇಳಿದ ಡ್ರಮ್ಮ ಬ್ಯಾರೆ, ನಾ ಕೊಟ್ಟಿದ್ದು ಬ್ಯಾರೆ. ಈ ನೀರಾಗ ಮಾಡಿದ್ದು ಏನೈತಿ ಎಲ್ಲಾ ಚೆಲ್ಲಿಬಿಡ್ರಿ. ಬಸರಿ ಹೆಣ್ಣಮಗಳದಾಳ."

ಯಾರೂ ಒಂದು ಗುಟುಕೂ ಕುಡಿದಿರಲಿಲ್ಲ, ದೇವರು ದೊಡ್ಡವನು. ಪಾನಕ ಚೆಲ್ಲಿದೆವು, ತೊಳೆದಿಟ್ಟ ಅಕ್ಕಿಯನ್ನೂ ಚೆಲ್ಲಿದೆವು. ಪಕ್ಕದ ಮನೆಯ ಕೊಂಕಣಿ ಬಾಯಮ್ಮ ಗದ್ದಲ ಕೇಳಿ ಗೇಟು ತೆರೆದರು, "ನಮ್ಮ ಬಾವಿಯ ತಳದಲ್ಲಿ ಇನ್ನೂ ಸ್ವಲ್ಪ ಸಿಹಿನೀರು ಉಂಟು, ಸೇದಿಕೊಳ್ಳಿ," ಎಂದರು. ಮಧ್ಯಾಹ್ನದವರೆಗೂ ಸೇದಿ ಸೇದಿ ಹೊತ್ತು ತಂದವರು ಕಾಕಾನೇ. ಕೊನೆಯ ಪಂಕ್ತಿಯಲ್ಲಿ ಕೂತು ಎರಡೆರಡು ಸಲ ಸಾರು ಹಾಕಿಸಿಕೊಂಡು ಉಂಡರು. ಅತ್ತಿಗೆಯ ತಲೆಯ ಮೇಲೆ ಕೈಯಿಟ್ಟು ಹೋದರು.

ಸೋಮವಾರ ಕಂಪೆನಿಯಲ್ಲೂ ಅದನ್ನೇ ಹೇಳಿದ್ದರು, ತನ್ನ ಅಜಾಗ್ರತೆಯಿಂದ ಡ್ರಮ್ಮು ಹೊರಗೆ ಹೋಯಿತೆಂದು. ನಾನು ಓಡಿದೆ. "ಕಾಕಾ, ನಾನು ಹೋಗಿ ನಿಜ ಹೇಳ್ತೇನೆ."

"ನೀ ಹೇಳಿದರ ನಿನ್ನ ನೌಕರಿ ಹೋಗತೈತಿ. ನನಗಾದರ ಬ್ಯಾರೆ ಕೆಲಸಕ್ಕ ಹಾಕತಾರ, ಅಷ್ಟ. ಸುಮ್ಮನ ಹೋಗ ಯವ್ವಾ."

ಹಾಗೇ ಆಯಿತು. ಕಂಟ್ರಾಕ್ಟರು ಅವರನ್ನು ಬೂದಿ ಲಾರಿಗಳಿಗೆ ಟಾರ್ಪಾಲು ಕಟ್ಟುವ ಕೆಲಸಕ್ಕೆ ಹಾಕಿದ. ಬಿಸಿಲಲ್ಲಿ ನಿಂತು ಕಟ್ಟುತ್ತಿದ್ದರು, ಒಂದು ಚಿಟಿಕೆ ಬೂದಿ ರಸ್ತೆಗೆ ಬೀಳದ ಹಾಗೆ. ಆದರೂ ಕಣ್ಣು ಮಾತ್ರ ಯಾರ್ಡಿನ ಕಡೆಗೇ. ನಾನು ದಿನಾ ನೋಡಿದೆ. ದಿನಾ ಹೇಳಬಹುದಿತ್ತು... ಹೇಳಲಿಲ್ಲ. ಅಂಥ ಮನುಷ್ಯನ ಮುಂದೆ ನಾನು ಎಷ್ಟು ಸಣ್ಣವಳಾಗಿಬಿಟ್ಟೆ! ಎರಡು ವರ್ಷ ಕಳೆದು ಅವರು ಊರಿಗೆ ಹೋದರು. ಮತ್ತೆ ಕೆಲವು ವರ್ಷಕ್ಕೆ ತೀರಿಕೊಂಡರೆಂದು ಅವರೂರಿನ ಕೆಲಸಗಾರನೊಬ್ಬ ಹೇಳಿದ.

ನಮ್ಮ ಮನೆಯಲ್ಲಿ ಇಂದಿಗೂ ಅದೊಂದು ತಮಾಷೆಯ ಕಥೆ. ಮೊನ್ನೆ ಲಾರಿ ಕಂಡು ಮನೆಗೆ ಬಂದ ದಿನವೂ ಊಟಕ್ಕೆ ಕೂತಾಗ ಅಣ್ಣ ಮಗಳಿಗೆ ಹೇಳಿ ನಗುತ್ತಿದ್ದ: "ತಾನೇ ತಪ್ಪು ಡ್ರಮ್ಮು ಕೊಟ್ಟು, ತಾನೇ ಬಂದು ಒಡೆದ ಪುಣ್ಯಾತ್ಮ! ಆಗ ನೀನು ಅಮ್ಮನ ಹೊಟ್ಟೆಯಲ್ಲಿ."

ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಅವಳ ಮುಖ ನೋಡಿದೆ. "ಅವರು ಕೊಟ್ಟದ್ದಲ್ಲ ಅಣ್ಣ," ಎಂದೆ. "ನಾನು ಕದ್ದು ತಂದದ್ದು." ಎಲ್ಲ ಹೇಳಿದೆ, ಟಾರ್ಪಾಲಿನವರೆಗೂ.

ಅಣ್ಣ ಅನ್ನ ಕಲಸಿದ ತನ್ನ ಬಲಗೈಯನ್ನೇ ನೋಡುತ್ತಿದ್ದ.

"ನಾನು ಅವರ ಕಾಲರು ಹಿಡಿದಿದ್ದೆನಲ್ಲ ಮಾರಾಯ್ತಿ," ಎಂದ ಕೊನೆಗೆ. "ಅವರ ಊರು ಯಾವುದು? ನಾಳೆಯೇ ಹೋಗಿ ಬರುವ."

"ಊರು ಗೊತ್ತುಂಟು ಅಣ್ಣ," ಎಂದೆ. "ಅವರೇ ಇಲ್ಲ."