ಮಗಳ ಕಾಯಿಲೆ ಮುಚ್ಚಿಟ್ಟಾಕೆ

ಹೊಸ ಹುಣಸೆಹಣ್ಣಿನ ವಾಸನೆ ಬಂತೆಂದರೆ ಎಲ್ಲರ ಬಾಯಲ್ಲಿ ನೀರೂರುತ್ತದೆ, ನಾನು ಕಿಟಕಿ ಮುಚ್ಚುತ್ತೇನೆ. ಹಿಂದೂಪುರದಲ್ಲಿ ನಮ್ಮ ಮನೆಯ ಹಿಂದೆಯೇ ಹಣ್ಣಿನ ಗೋದಾಮು. ಮೊನ್ನೆ ಅದರ ಬಾಗಿಲು ತೆರೆದು ಮೂಟೆ ಇಳಿಸಿದರು. ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ನನ್ನ ಮೂಗಿಗೆ ಆ ಹುಳಿ ಬಡಿಯಿತು, ಕಾಲು ತಾನಾಗಿ ನಿಂತಿತು... ಬ್ರಹ್ಮಸಮುದ್ರದಾಕೆ ನೆನಪಾದಳು.

ಓಣಿಯವರೆಲ್ಲ ಆಕೆಯನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದೆವು. ಹಣ್ಣು ಕುಟ್ಟಿ ಬೀಜ ಬಿಡಿಸುವುದಕ್ಕೆಂದು ಮೇಸ್ತ್ರಿ ಪ್ರತಿ ವರ್ಷ ಕಲ್ಯಾಣದುರ್ಗದ ಕಡೆಯಿಂದ ಕರೆತರುತ್ತಿದ್ದ ಹೆಂಗಸರಲ್ಲಿ ಆಕೆ ಒಬ್ಬಳು. ಬಾಯಿ ಜೋರು. ನಾನು ಹೊಲಿದ ಬ್ಲೌಸಿನ ತೋಳು ಒಂದಿಷ್ಟು ಬಿಗಿಯಾದರೂ ನನಗೆ ಬೈಗುಳದ ಸಹಸ್ರನಾಮ. ಆದರೂ ಸಂಜೆಯಾದರೆ ನಮ್ಮ ಕಟ್ಟೆಗೇ ಬಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು.

ಒಂದು ವರ್ಷ ಮಗಳನ್ನೂ ಕರೆತಂದಳು, ಎಂಟೊಂಬತ್ತು ವರ್ಷದ ಮಗು. ಗಂಡ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವಾಗ ಮೇಲಿಂದ ಬಿದ್ದು ತೀರಿಕೊಂಡಿದ್ದ. ಅದು ಮಗುವಿನ ಕಣ್ಣೆದುರೇ ನಡೆದದ್ದು. ಆವತ್ತು ನಿಂತ ಮಾತು ಮತ್ತೆ ಹೊರಟಿರಲಿಲ್ಲ. ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರುತ್ತಿತ್ತಂತೆ, ಅಳುವುದಕ್ಕೂ ದನಿ ಇಲ್ಲ.

ಆಸ್ಪತ್ರೆಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆ ಎಂದು ನಾನು ಹೇಳಿದೆ. ಮೇಸ್ತ್ರಿಗೆ ಗೊತ್ತಾಗದಂತೆ ಹೋಗುವುದಾದರೆ ಸರಿ ಎಂದಳು. ಗುಂಪಿನಲ್ಲಿ ಒಬ್ಬರಿಗೆ ‘ಪಿಚ್ಚಿ’, ಅಂದರೆ ಹುಚ್ಚಿ, ಎಂದು ಹೆಸರು ಬಿದ್ದರೆ ಸಾಕು, ಮುಂದಿನ ವರ್ಷ ಆ ಮನೆಯವರಿಗೆ ಟೆಂಪೋದಲ್ಲಿ ಜಾಗವಿಲ್ಲ. ಹಾಗಾಗಿ ಮಗುವಿಗೆ ರಕ್ತ ಕಡಿಮೆ ಎಂದು ಎಲ್ಲರಿಗೂ ಹೇಳಿದ್ದಾಯಿತು. ಡಾಕ್ಟರಮ್ಮ ಒಳ್ಳೆಯವರು. ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ಬರೆಸುತ್ತಿದ್ದರು. ಮಾತು ಬರುತ್ತದೆ, ಆದರೆ ವಾರ ತಪ್ಪಿಸಬೇಡಿ ಎಂದರು, ಮಲಗುವಾಗ ನುಂಗಲು ಒಂದು ಮಾತ್ರೆಯನ್ನೂ ಕೊಟ್ಟರು. ಗುಂಪಿನ ಜೊತೆಗೇ ಇದ್ದ ಮೇಸ್ತ್ರಿಯ ಹೆಂಡತಿಗೆ ಓದು ಬರುತ್ತಿತ್ತಲ್ಲ, ಮಾತ್ರೆಯ ಹೆಸರು ಓದಿಬಿಟ್ಟಾಳೆಂದು ಬ್ರಹ್ಮಸಮುದ್ರದಾಕೆ ಮಾತ್ರೆಗಳನ್ನೆಲ್ಲ ಶೀಟಿನಿಂದ ಬಿಡಿಸಿ ಎಲೆಯಡಿಕೆ ಚೀಲದೊಳಗೆ ಹಾಕಿಕೊಂಡಳು. ಶೀಟು, ಡಾಕ್ಟರ ಚೀಟಿ ಎರಡೂ ಒಲೆಗೆ ಹೋದವು. ಮಹಾ ಜಾಣೆ.

ಮಗು ಮಾತಾಡಿತು. ಒಂದು ಸಂಜೆ ನಾನು ಗುಂಡಿ ಹಚ್ಚುತ್ತ ಕೂತಿದ್ದಾಗ ಪಕ್ಕದಿಂದ ಸಣ್ಣಗೆ, “ನಂಗೂ ಒಂದು ಕೊಡು” ಅಂದಿತು. ತಾಯಿ ಎದ್ದು ಬಂದು ಮಗಳ ತುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲೇ ಗೋದಾಮಿನಲ್ಲಿ ಹಣ್ಣು ಮುಗಿಯಿತು. ಮಾರನೆಯ ಬೆಳಿಗ್ಗೆ ಮೇಸ್ತ್ರಿ ಎಲ್ಲರನ್ನೂ ಟೆಂಪೋ ಹತ್ತಿಸಿದ, ಡಾಕ್ಟರಮ್ಮನಿಗೆ ಹೇಳಿ ಹೋಗಲೂ ಆಗಲಿಲ್ಲ.

ಮುಂದಿನದನ್ನು ಆಮೇಲೆ ಆಕೆಯೇ ಹೇಳಿದಳು. ಮಾತ್ರೆ ಮುಗಿದ ಮೇಲೆ ಕಲ್ಯಾಣದುರ್ಗದಲ್ಲಿ ಆಸ್ಪತ್ರೆಗೆ ಹೋದಳಂತೆ. ಸಾಲಿನಲ್ಲಿ ಹಿಂದೆ ಮುಂದೆ ಊರಿನವರೇ, ಅದೇ ಗುಂಪಿನವರೇ. ತೋರಿಸಲು ಹಳೆಯ ಚೀಟಿಯಿಲ್ಲ, ಏನು ಕಾಯಿಲೆ ಎಂದು ಡಾಕ್ಟರು ಕೇಳಿದರು. ಅವರೆದುರು ರಕ್ತ ಕಡಿಮೆ ಎಂದಳು. ರಕ್ತದ ಮಾತ್ರೆ ಕೊಟ್ಟು ಕಳಿಸಿದರು. ಇದೂ ಆಸ್ಪತ್ರೆಯದೇ ಅಲ್ಲವೇ ಎಂದು ತಿಂಗಳುಗಟ್ಟಲೆ ಅದನ್ನೇ ನುಂಗಿಸಿದಳು... ಬಂದ ಮಾತು ಹೋಯಿತು. ಯಾರನ್ನು ಬೈಯಲಿ? ಬೈಯಲು ಒಬ್ಬರಾದರೂ ಸಿಕ್ಕಿದ್ದರೆ ನನ್ನ ಹೊಟ್ಟೆ ಎಷ್ಟೋ ತಣ್ಣಗಾಗುತ್ತಿತ್ತು.

ಕೊನೆಗೆ ಪಿಚ್ಚಿ ಎಂಬ ಹೆಸರೂ ಬಿದ್ದೇ ಬಿತ್ತು. ಹಳೆಯ ಮೇಸ್ತ್ರಿ ಅವರನ್ನು ಕೈಬಿಟ್ಟ. ಮರುವರ್ಷ ತಾಯಿ ಮಗಳು ರೊದ್ದಂ ಕಡೆಯ ಇನ್ನೊಬ್ಬ ಮೇಸ್ತ್ರಿಯ ಜೊತೆ ಬಂದರು. ಆ ಗುಂಪಿನಲ್ಲಿ ಅವರ ಪೂರ್ವಾಪರ ಯಾರಿಗೂ ಗೊತ್ತಿರಲಿಲ್ಲ. ಮತ್ತೆ ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದಾಕೆ ತಲೆಯೆತ್ತಲಿಲ್ಲ.

“ಬ್ಯಾಡ ಕಣಕ್ಕ. ಹುಟ್ಟು ಮೂಗಿ ಅಂತ ಎಲ್ರಿಗೂ ಹೇಳ್ಬುಟ್ಟಿವ್ನಿ. ಮೂಗಿ ಅಂದ್ರೆ ಕೆಲ್ಸಕ್ಕೆ ಕರ್ಕೋತಾರೆ. ಪಿಚ್ಚಿ ಅಂದ್ರೆ ಯಾರು ಕರ್ಕೋತಾರೆ, ನೀನೇ ಹೇಳು.”

ಮಗು ಅಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿತ್ತು.

ಆಮೇಲೆ ಎಷ್ಟೋ ವರ್ಷ ಇಬ್ಬರೂ ಬಂದರು, ಹೋದರು. ಈ ವರ್ಷ ಗುಂಪು ಬಂತು, ಆಕೆ ಬರಲಿಲ್ಲ. ಮಗಳೊಬ್ಬಳೇ, ಈಗ ದೊಡ್ಡ ಹುಡುಗಿ. ಗೋದಾಮಿಗೆ ಹೋಗಿ ತಾಯಿ ಎಲ್ಲಿ ಎಂದು ಮೇಸ್ತ್ರಿಯನ್ನು ಕೇಳಿದೆ.

“ಜ್ವರ ಬಂದು ಹೋಗ್ಬುಟ್ಳು ಕಣಮ್ಮ. ಮಗ್ಳು ಒಳ್ಳೆ ಕೆಲಸಗಾರ್ತಿ. ಮೂಗಿ ನೋಡು, ಮಾತಾಡ್ಕೊಂಡು ಹೊತ್ತು ಕಳೆಯಾಕಿಲ್ಲ.”

ನನ್ನನ್ನು ಬಾಯಿತುಂಬ ಬೈಯುತ್ತಿದ್ದಾಕೆ ಇನ್ನಿಲ್ಲ. ಅವಳ ಮಗಳು ಮೂಗಿಯಲ್ಲ ಎಂದು ಆ ಗೋದಾಮಿನಲ್ಲಿ ಬಲ್ಲವಳು ನಾನೊಬ್ಬಳೇ. ಡಾಕ್ಟರಮ್ಮ ಈಗಲೂ ವಾರಕ್ಕೊಮ್ಮೆ ಬರುತ್ತಾರೆ. ಆದರೆ ನಾನು ಬಾಯಿಬಿಟ್ಟರೆ ನಾಳೆ ಈ ಹುಡುಗಿಗೆ ಕೆಲಸವಿಲ್ಲ, ಜೊತೆಗೆ ಹೋಗಲು ಒಂದು ಗುಂಪೂ ಇಲ್ಲ. ಅವಳು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು, ಗುರುತು ಹಿಡಿದಳು, ಮತ್ತೆ ಹಣ್ಣು ಕುಟ್ಟತೊಡಗಿದಳು. ಹೌದು, ಪಾಪ, ಹುಟ್ಟು ಮೂಗಿ ಎಂದು ಮೇಸ್ತ್ರಿಗೆ ಹೇಳಿ ನಾನು ಮನೆಗೆ ಬಂದೆ.